ಬಲಗಡೆಯ ಸೀಟು

"ಈಗ?" ಎಂದು ಸರ್ವೋತ್ತಮ ಶೆಟ್ಟರು ಕೇಳಿದರು.

"ಬೇಡ, ಬಸ್ಸು ಬರ್ತಾ ಉಂಟು," ಎಂದರು ರತ್ನಾವತಿ.

"ಈಗ?"

"ಬಸ್ಸಿನ ಹಿಂದೆ ಲಾರಿ."

"ಲಾರಿಯ ಹಿಂದೆ?"

"ಲಾರಿ ದಾಟದೆ ಅದರ ಹಿಂದೆ ಎಂತ ಉಂಟು ಅಂತ ನನಗೆ ಹೇಗೆ ಗೊತ್ತಾಗುವುದು? ನಾನೇನು ಲಾರಿಯ ಮೇಲೆ ಕೂತಿದ್ದೇನಾ?"

ಅವರ ಮುಂದೆ ಬೈಹುಲ್ಲು ಹೇರಿಕೊಂಡ ಎತ್ತಿನ ಗಾಡಿಯೊಂದು ಕೊಟ್ಟಾರದ ಹೆದ್ದಾರಿಯ ನಟ್ಟನಡುವೆ, ಅದು ತನ್ನ ಸ್ವಂತದ ಗದ್ದೆಯೆಂಬಂತೆ ಸಾಗುತ್ತಿತ್ತು. ಅದನ್ನು ಹಿಂದೆ ಹಾಕುವ ಶಕ್ತಿ ಶೆಟ್ಟರ ಕಾರಿಗೆ ಇತ್ತು; ನೋಟ ಇರಲಿಲ್ಲ. ಆ ಕಾರಿನ ಸ್ಟಿಯರಿಂಗ್ ಎಡಗಡೆಗೆ. ಅಂದರೆ ಎದುರಿನಿಂದ ಏನು ಬರುತ್ತಿದೆ ಎಂಬುದು ಓಡಿಸುವವರಿಗೆ ಕಾಣುವುದಿಲ್ಲ, ಬಲಗಡೆ ಕುಳಿತವರಿಗೆ ಕಾಣುತ್ತದೆ. ಮದುವೆಯಾದಂದಿನಿಂದ ಯಾವ ವಿಷಯದಲ್ಲೂ ಹೆಂಡತಿಯ ಅಭಿಪ್ರಾಯ ಕೇಳದಿದ್ದ ಶೆಟ್ಟರು ಈ ಕಾರು ಬಂದ ಮೇಲೆ ಪ್ರತಿಯೊಂದು ಗಾಡಿಯ ಹಿಂದೆಯೂ ಕೇಳಬೇಕಾಗಿ ಬಂದಿತ್ತು. ರತ್ನಾವತಿ ಕೂಡ ಅಭಿಪ್ರಾಯ ಕೊಡುವಾಗ ಅವಸರ ಮಾಡುತ್ತಿರಲಿಲ್ಲ.

"ಈಗ ಹೋಗಿ," ಎಂದರು ಅವರು ಕೊನೆಗೂ.

ಶೆಟ್ಟರು ಗೇರು ಬದಲಿಸಿ ಕಾಲು ಒತ್ತಿದರು. ಕಾರು ಒಮ್ಮೆ ಮುಂದಕ್ಕೆ ನೆಗೆದು, ಎತ್ತಿನ ಗಾಡಿಯ ಪಕ್ಕಕ್ಕೆ ಬಂದು, ಎತ್ತುಗಳನ್ನೇ ನೋಡಲು ಬಂದದ್ದೆಂಬಂತೆ ಅಲ್ಲಿಯೇ ಉಸಿರು ಬಿಟ್ಟಿತು. ಹಿಂದಿನಿಂದ ಬಸ್ಸೊಂದು ಹಾರ್ನ್ ಹಾಕತೊಡಗಿತು. ಗಾಡಿಯವನು ಕೆಳಗಿಳಿದು, ಶೆಟ್ಟರ ಮುಖ ನೋಡಿ, ಏನನ್ನೂ ಕೇಳದೆ ಹಿಂದಿನಿಂದ ತಳ್ಳತೊಡಗಿದ. ಶೆಟ್ಟರ ಮನೆಯಿದ್ದ ಮಣ್ಣಗುಡ್ಡದಿಂದ ಕೊಟ್ಟಾರದವರೆಗಿನ ಜನಕ್ಕೆ ಈ ಕಾರನ್ನು ತಳ್ಳುವುದಕ್ಕೆ ಈಗ ಕರೆ ಬೇಕಾಗಿರಲಿಲ್ಲ.

ಪಣಂಬೂರಿನಲ್ಲಿ ಬಂದರಿನ ಕೆಲಸಕ್ಕೆ ಬಂದಿದ್ದ ಪರದೇಶದ ಇಂಜಿನಿಯರನೊಬ್ಬ ಊರಿಗೆ ಹೊರಡುವಾಗ ಮಾರಿಹೋದ ವಾಹನ ಅದು. ಜೀಪಿನಷ್ಟು ಎತ್ತರ, ಒಳಗೆ ಸೋಫಾದಂಥ ಚರ್ಮದ ಸೀಟು, ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲ. ಮರಳುಗಾಡು, ಹಿಮ, ನದಿ ಯಾವುದನ್ನು ಬೇಕಾದರೂ ದಾಟುತ್ತದೆ ಎಂದು ಅವನು ಹೇಳಿದ್ದ. ಮಂಗಳೂರಿನಲ್ಲಿ ಮರಳುಗಾಡೂ ಹಿಮವೂ ಇಲ್ಲವಾದ್ದರಿಂದ ಈ ಮಾತನ್ನು ಪರೀಕ್ಷಿಸುವ ಅವಕಾಶ ಶೆಟ್ಟರಿಗೆ ಸಿಕ್ಕಿರಲಿಲ್ಲ. ಲೇಡಿಹಿಲ್ಲಿನ ಏರನ್ನು ಮಾತ್ರ ಅದು ಮನಸ್ಸು ಬಂದ ದಿನ ದಾಟುತ್ತಿತ್ತು. ಮಣ್ಣಗುಡ್ಡದ ಜನ ಅದಕ್ಕೆ 'ದೊರೆ ಬಂಡಿ' ಎಂದು ಹೆಸರಿಟ್ಟಿದ್ದರು. ದೊರೆಗಳ ಹಾಗೆ ಅದಕ್ಕೂ ಹೋಗುವಾಗ ಹಿಂದೆ ನಾಲ್ಕು ಜನ ಇರಬೇಕಾಗಿತ್ತು.

ಗಾಡಿಯವನೂ ಬಸ್ಸಿನ ಕಂಡಕ್ಟರನೂ ಸೇರಿ ಕಾರನ್ನು ರಸ್ತೆಯ ಬದಿಗೆ ಸೇರಿಸಿದರು. ಅಲ್ಲೊಂದು ಗೇಟು ಇತ್ತು. ಗೇಟಿನೊಳಗೆ ಜಗಲಿಯಲ್ಲಿ ಪೇಪರು ಓದುತ್ತಿದ್ದ ದಪ್ಪ ಮೀಸೆಯ ಹಿರಿಯರೊಬ್ಬರು ತಲೆಯೆತ್ತಿದರು. ಮನೆಯೆದುರು ಇಷ್ಟು ದೊಡ್ಡ ಕಾರು ಬಂದು ನಿಂತಿದೆ, ಅದರಿಂದ ಜರಿಪಂಚೆಯ ಗಂಡಸು, ರೇಷ್ಮೆ ಸೀರೆಯ ಹೆಂಗಸು ಇಳಿಯುತ್ತಿದ್ದಾರೆ. ಅವರು ಪೇಪರು ಮಡಚಿಟ್ಟು ಗೇಟಿನವರೆಗೂ ಬಂದರು.

"ಬಲೆ, ಬಲೆ! ಬನ್ನಿ, ಒಳಗೆ ಬನ್ನಿ ಶೆಟ್ರೆ. ಬರ್ತೀರಿ ಅಂತ ಒಂದು ಮಾತು ಹೇಳಿ ಕಳಿಸಿದ್ರೆ ನಾನೇ ರಸ್ತೆಯಲ್ಲಿ ನಿಲ್ತಿದ್ದೆನಲ್ಲ!"

ಅವರು ಜಯಪಾಲ ಹೆಗ್ಡೆಯವರು, ಹಂಚಿನ ವ್ಯಾಪಾರದವರು. ಮದುವೆ ಮುಂಜಿಗಳಲ್ಲಿ ಕಂಡ ಪರಿಚಯ ಅಷ್ಟೆ. ಕಾರು ಕೆಟ್ಟು ನಿಂತಿದೆ ಎಂದು ಹೇಳಲು ಶೆಟ್ಟರು ಬಾಯಿ ತೆರೆದರು. ಅಷ್ಟರಲ್ಲಿ ರತ್ನಾವತಿ, "ಈ ಕಡೆ ಬಂದವರು ನಿಮ್ಮನ್ನು ನೋಡದೆ ಹೋಗುವುದು ಹೇಗೆ ಅಂತ ಇವರೇ ಹೇಳಿದ್ರು," ಎಂದುಬಿಟ್ಟರು.

ಇಂಜಿನ್ ತಣಿಯುವವರೆಗೆ ಅವರು ಎರಡೆರಡು ಎಳನೀರಿನ ಬೊಂಡ ಕುಡಿದರು, ನೀರುದೋಸೆ ತಿಂದರು. ಹೆಗ್ಡೆಯವರು ಮಾತಿನ ನಡುನಡುವೆ ಎದ್ದುಹೋಗಿ ಗೇಟಿನಿಂದ ಕಾರನ್ನು ನೋಡಿ ಬರುತ್ತಿದ್ದರು. ಅವರ ಮಗ ಚಿತ್ತರಂಜನ ಬ್ಯಾಂಕಿನಲ್ಲಿದ್ದಾನೆ, ಒಳ್ಳೆಯ ಹುಡುಗಿ ಹುಡುಕುತ್ತಿದ್ದಾರೆ ಎಂಬುದು ಎರಡನೆಯ ಬೊಂಡದ ಹೊತ್ತಿಗೆ ಗೊತ್ತಾಯಿತು. ಶೆಟ್ಟರ ಅಕ್ಕನ ಮಗಳು ಮೋಹಿನಿ ಬಿ.ಎ. ಮುಗಿಸಿದ್ದಾಳೆ ಎಂಬುದು ನೀರುದೋಸೆಯ ಹೊತ್ತಿಗೆ. ಹೊರಡುವಾಗ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅಷ್ಟು ಸಭ್ಯವಾಗಿ ಅದು ಅದುವರೆಗೆ ನಡೆದುಕೊಂಡಿರಲಿಲ್ಲ.

"ಎಂತ ಶಬ್ದ ಮಾರಾಯ್ರೆ!" ಎಂದು ಹೆಗ್ಡೆಯವರು ಕಣ್ಣು ಮುಚ್ಚಿ ಕೇಳಿದರು. "ಉಂಟೋ ಇಲ್ವೋ ಅಂತ ಇರ್ತದೆ."

"ಹೌದು," ಎಂದರು ಶೆಟ್ಟರು. "ಹಾಗೇ."

ಮೂರು ತಿಂಗಳಲ್ಲಿ ಮದುವೆ ನಿಶ್ಚಯವಾಯಿತು. ಹೆಗ್ಡೆಯವರು ಬೇಕೆಂದು ಕೇಳಿದ್ದು ಒಂದೇ: ಧಾರೆ ಮುಗಿದ ಮೇಲೆ ಹುಡುಗಿ ಆ ಕಾರಿನಲ್ಲೇ ಕೊಟ್ಟಾರಕ್ಕೆ ಬರಬೇಕು.

*

"ಮಾರಿಬಿಡುವ ಅಕ್ಕ," ಎಂದು ಶೆಟ್ಟರು ಈ ಮೊದಲೇ ಎಷ್ಟೋ ಸಲ ಹೇಳಿ ನೋಡಿದ್ದರು. ಆದರೆ ಕಾರು ಅವರದಲ್ಲ. ಭೂಮಸೂದೆಯಲ್ಲಿ ವಾಮಂಜೂರಿನ ಗದ್ದೆಗಳೆಲ್ಲ ಡಿಕ್ಲರೇಶನ್ ಕೊಟ್ಟ ಒಕ್ಕಲುಗಳಿಗೆ ಹೋದಾಗ ಬಂದ ಪರಿಹಾರದ ಹಣ ಕುಟುಂಬದ್ದು. ಅಳಿಯಸಂತಾನದ ಮನೆ, ಯಜಮಾನ ತಮ್ಮನಾದರೂ ಆಸ್ತಿ ಅಕ್ಕನ ಹೊಟ್ಟೆಯ ಕಡೆಗೆ. ಗದ್ದೆ ಹೋದ ಮೇಲೆ ಊರೆದುರು ತೋರಿಸಲು ಏನಾದರೊಂದು ಇರಲಿ ಎಂದು ಶೆಟ್ಟರು ಆ ಹಣದಲ್ಲಿ ಕಾರು ತಂದು, ಕ್ರಮ ತಪ್ಪಬಾರದೆಂದು ಅಕ್ಕ ಕುಶಲಾ ಅವರ ಹೆಸರಿನಲ್ಲೇ ರಿಜಿಸ್ಟರ್ ಮಾಡಿಸಿದ್ದರು. ಹೀಗಾಗಿ ಕಾರಿನ ಗೌರವ ಅಕ್ಕನಿಗೆ, ರಿಪೇರಿಯ ಖರ್ಚು ಬಸ್‌ಸ್ಟ್ಯಾಂಡಿನ ಬಳಿ ಶೆಟ್ಟರು ನಡೆಸುತ್ತಿದ್ದ ಲಾಡ್ಜಿಗೆ. ಮೇಲಿನ ಮಾಳಿಗೆಗೆ ಬಣ್ಣ ಬಳಿಸಬೇಕೆಂದು ಇಟ್ಟಿದ್ದು ಗೇರ್‌ಬಾಕ್ಸಿಗೆ ಹೋಯಿತು. ಹೊಸ ಹಾಸಿಗೆಗಳಿಗೆಂದು ಇಟ್ಟಿದ್ದು ರೇಡಿಯೇಟರಿಗೆ. ಲಾಡ್ಜಿನ ಗಿರಾಕಿಗಳು ಈ ಕಾರಿಗಾಗಿ ಗಟ್ಟಿ ಹಾಸಿಗೆಯ ಮೇಲೆ ಮಲಗುತ್ತಿದ್ದರು, ತಮಗೆ ಗೊತ್ತಿಲ್ಲದೆ.

"ಮಾರುವುದಾ?" ಎಂದು ಕುಶಲಾ ಎಲೆ ಅಡಕೆಯ ಹರಿವಾಣದಿಂದ ತಲೆಯೆತ್ತದೆ ಹೇಳುತ್ತಿದ್ದರು. "ಗದ್ದೆ ನಿನ್ನ ಕಾಲದಲ್ಲಿ ಹೋಯ್ತು. ಕಾರೂ ನಿನ್ನ ಕಾಲದಲ್ಲೇ ಹೋಗುವುದು ಬೇಡ ಸರ್ವೋತ್ತಮ."

ಶೆಟ್ಟರು ಎದ್ದು ಲಾಡ್ಜಿನ ಕಡೆ ಹೊರಡುತ್ತಿದ್ದರು.

ಕಾರಿನ ವೈದ್ಯ ಇಸಿದೋರ್. ಅವನ ಗ್ಯಾರೇಜು ಕೊಟ್ಟಾರದ ಆಚೆ ಒಂದು ಹಲಸಿನ ಮರದ ಕೆಳಗೆ. ಆ ಕಂಪನಿಯ ಒಂದು ಬೋಲ್ಟು ಕೂಡ ಇಂಡಿಯಾದಲ್ಲಿ ಸಿಗುತ್ತಿರಲಿಲ್ಲ. ಬೊಂಬಾಯಿಯಲ್ಲಿ ಹುಡುಕಿಸಿದರೆ ಆರು ವಾರ ಕಳೆದು ಬೇರೆ ಯಾವುದೋ ಕಾರಿನದು ಬರುತ್ತಿತ್ತು. ಇಸಿದೋರ್ ಅಷ್ಟು ಕಾಯುವವನಲ್ಲ. ನೀರಿನ ಪಂಪು ಲಾರಿಯದು ಹಾಕಿದ, ಹಾರ್ನು ಬಸ್ಸಿನದು, ಫ್ಯಾನ್ ಬೆಲ್ಟು ಅಕ್ಕಿ ಮಿಲ್ಲಿನದು. ಡೈನಮೋ ಎಲ್ಲಿಯದೆಂದು ಕೇಳಿದಾಗ ಅವನು ಮಾತು ಬದಲಿಸಿದ.

"ಒಳ್ಳೆ ಗಾಡಿ ಶೆಟ್ರೆ," ಎನ್ನುತ್ತಿದ್ದ ಪ್ರತಿಸಲ. "ಇದರಲ್ಲಿ ತೊಂದರೆ ಇಲ್ಲ. ತೊಂದರೆ ಎಲ್ಲ ಪಾರ್ಟಿನಲ್ಲಿ."

"ಪಾರ್ಟು ಬಿಟ್ಟು ಗಾಡಿ ಅಂತ ಬೇರೆ ಎಂತ ಉಂಟು ಮಾರಾಯ?"

"ಅದೇ ಶೆಟ್ರೆ ನಾನು ಹೇಳುವುದು."

ಒಂದು ಸಲ ಹತ್ತು ದಿನ ಅದು ಅಲುಗಾಡದೆ ನಿಂತಾಗ ಕುಶಲಾ ಕದ್ರಿಯ ಮಂಜುನಾಥನಿಗೆ ಹೂವಿನ ಪೂಜೆ ಹೇಳಿಕೊಂಡರು. ರತ್ನಾವತಿ ತಮ್ಮ ತವರಿನ ದೈವಕ್ಕೆ ತಂಬಿಲದ ಸೇವೆ ಹೇಳಿದರು. ಇಸಿದೋರ್ ಸಂತ ಅಂತೋನಿಗೆ ತನ್ನಷ್ಟೇ ಎತ್ತರದ ಮೇಣದ ಬತ್ತಿ ಹೇಳಿ, ಅದನ್ನು ಬಿಲ್ಲಿನಲ್ಲಿ ಸೇರಿಸಿದ. ಹನ್ನೊಂದನೆಯ ದಿನ ಕಾರು ಎದ್ದಿತು. ಎಬ್ಬಿಸಿದವರು ಯಾರೆಂದು ಇತ್ಯರ್ಥವಾಗದೆ ಶೆಟ್ಟರು ಮೂವರಿಗೂ ಸಲ್ಲಿಸಬೇಕಾಯಿತು.

*

ಮದುವೆಗೆ ಎರಡು ವಾರ ಇರುವಾಗ ಜಯ ಬಂದ. ವಾಮಂಜೂರಿನ ಚೆನ್ನಪ್ಪ ಪೂಜಾರಿಯ ಮಗ. ಚೆನ್ನಪ್ಪ ಶೆಟ್ಟರ ಮನೆಯ ಒಕ್ಕಲಾಗಿದ್ದವನು; ಗದ್ದೆ ಅವನ ಹೆಸರಿಗಾದ ಮೇಲೂ ಅಂಗಳದ ಆಚೆ ನಿಂತು 'ಧಣಿ' ಎಂದೇ ಕರೆಯುತ್ತಿದ್ದ. ಮಗ ಕುವೈಟಿನಲ್ಲಿ ಅರಬಿಯೊಬ್ಬನ ಡ್ರೈವರು. ರಜೆಯಲ್ಲಿ ಬಂದವನು ಅಪ್ಪ ಹೇಳಿದ್ದಕ್ಕೆ ಒಂದು ಸೆಂಟಿನ ಬಾಟಲಿ ಕೊಟ್ಟುಹೋಗಲು ಬಂದಿದ್ದ. ಅವನು ನೇರ ಜಗಲಿಗೆ ಬಂದು, "ಶೆಟ್ರೆ, ಸೌಖ್ಯವಾ?" ಎಂದು ಕೇಳಿ, ಕುರ್ಚಿಯಲ್ಲೇ ಕುಳಿತ. ಶೆಟ್ಟರು ಆ ಕುರ್ಚಿಯನ್ನು ಒಂದು ಕ್ಷಣ ನೋಡಿದರು. ಕುರ್ಚಿ ಏನೂ ಹೇಳಲಿಲ್ಲ.

ರತ್ನಾವತಿ ಬೆಲ್ಲ ನೀರು ತಂದಿಟ್ಟರು. ಜಯ ಲೋಟ ಎತ್ತುವಾಗ ಶೆಡ್ಡಿನ ಕಡೆ ಕಣ್ಣು ಹೋಯಿತು.

"ಇದು ಇಲ್ಲಿ ಹೇಗೆ ಬಂತು?" ಎಂದ. "ನಮ್ಮ ಅರಬಿಯ ಹತ್ತಿರ ಇದೇ ಇದ್ದದ್ದು. ಇದೇ ಮಾಡೆಲ್, ಇದೇ ಬಣ್ಣ."

ಶೆಟ್ಟರಿಗೆ ಬಹಳ ದಿನದ ಮೇಲೆ ಎದೆ ಸ್ವಲ್ಪ ಅಗಲವಾಯಿತು. "ಹೇಗೆ ಉಂಟು ಗಾಡಿ?"

"ಗಾಡಿ ಒಳ್ಳೆದೇ. ಆದ್ರೆ ಕಂಪನಿಯವರು ವಾಪಸು ಕರೆದ್ರಲ್ಲ. ನಿಮ್ಮದನ್ನು ಕರೀಲಿಲ್ವಾ?"

"ವಾಪಸು ಕರೆಯುವುದು ಅಂದ್ರೆ?"

"ಸ್ಟಿಯರಿಂಗಿನ ಕೆಳಗೆ ಒಂದು ಜಾಯಿಂಟ್ ಉಂಟು ಶೆಟ್ರೆ. ಅದು ಹುಟ್ಟಿನಿಂದಲೇ ಸರಿ ಇಲ್ಲ. ಓಡ್ತಾ ಓಡ್ತಾ ಒಂದು ದಿನ ಪಟಕ್ಕಂತ ಬಿಟ್ಟುಬಿಡ್ತದೆ. ಆಮೇಲೆ ಕೈಯಲ್ಲಿ ಚಕ್ರ ತಿರುಗಿಸಿದ್ರೆ ಅದು ಬರೇ ತಿರುಗ್ತದೆ, ಗಾಡಿ ಅದಕ್ಕೆ ಬೇಕಾದಲ್ಲಿಗೆ ಹೋಗ್ತದೆ. ಅಲ್ಲಿ ಎರಡು ಮೂರು ಜನ ಸತ್ರು. ಮತ್ತೆ ಕಂಪನಿಯವರು ಪೇಪರಿನಲ್ಲಿ ಹಾಕಿ ಎಲ್ಲಾ ಗಾಡಿ ತರಿಸಿ ಹೊಸ ಜಾಯಿಂಟ್ ಹಾಕಿಕೊಟ್ರು. ಫ್ರೀ."

"ಫ್ರೀ," ಎಂದರು ಶೆಟ್ಟರು. ಈ ಕಾರಿನ ವಿಷಯದಲ್ಲಿ ಆ ಶಬ್ದವನ್ನು ಅವರು ಕೇಳಿದ್ದು ಇದೇ ಮೊದಲು. "ಎಲ್ಲಿ ಹಾಕಿಕೊಡ್ತಾರೆ?"

"ಕುವೈಟಿನಲ್ಲಿ."

"ಇಲ್ಲಿ?"

"ಇಲ್ಲಿ ಅವರದ್ದು ಎಂತ ಉಂಟು? ನಾನು ಮುಂದಿನ ರಜೆಯಲ್ಲಿ ಬೇಕಾದ್ರೆ ಜಾಯಿಂಟ್ ತಂದುಕೊಡ್ತೇನೆ. ಎರಡು ವರ್ಷ ಆಗ್ತದೆ. ಅಲ್ಲಿಯವರೆಗೆ..." ಜಯ ಲೋಟ ಕೆಳಗಿಟ್ಟ. "ನಾನಾದ್ರೆ ನಮ್ಮವರನ್ನು ಅದರಲ್ಲಿ ಕೂರಿಸುವುದಿಲ್ಲ ಶೆಟ್ರೆ."

ಬಾಗಿಲ ಬಳಿ ನಿಂತಿದ್ದ ರತ್ನಾವತಿ ಖಾಲಿ ಲೋಟ ತೆಗೆದುಕೊಳ್ಳಲು ಬಂದವರು ಅದನ್ನು ಅಲ್ಲೇ ಬಿಟ್ಟು ಒಳಗೆ ಹೋದರು.

ಸಂಜೆ ಶೆಟ್ಟರು ಇಸಿದೋರನ ಹಲಸಿನ ಮರದಡಿ ನಿಂತಿದ್ದರು. ಕಾರಿನ ಕೆಳಗಿನಿಂದ ಅವನ ಕಾಲು ಮಾತ್ರ ಕಾಣುತ್ತಿತ್ತು.

"ಜಾಯಿಂಟ್ ಉಂಟು," ಎಂದಿತು ಕೆಳಗಿನಿಂದ ಧ್ವನಿ.

"ಇರುವುದು ಗೊತ್ತುಂಟು. ಹೇಗೆ ಉಂಟು?"

"ನೋಡ್ಲಿಕ್ಕೆ ಒಳ್ಳೆದುಂಟು. ಇನ್ನೂ ಹತ್ತು ವರ್ಷ ಬರ್ತದೆ." ಸ್ಪ್ಯಾನರು ಎರಡು ಸಲ ಬಡಿದ ಸದ್ದಾಗಿ ಧ್ವನಿ ಮುಂದುವರಿಯಿತು: "ಅಥವಾ ಈಗ ನೀವು ರಿವರ್ಸ್ ತೆಗೆಯುವಾಗಲೇ ಬಿಡ್ತದೆ. ಇಂಥದ್ದು ಹೊರಗಿನಿಂದ ಹೇಳ್ಲಿಕ್ಕಾಗುವುದಿಲ್ಲ."

"ಬೇರೆ ಯಾವುದಾದ್ರೂ ಹಾಕ್ಲಿಕ್ಕೆ ಆಗ್ತದಾ? ಲಾರಿದು?"

ಇಸಿದೋರ್ ಹೊರಗೆ ಬಂದ. ಮುಖದ ಮೇಲೆ ಗ್ರೀಸಿತ್ತು. ಅದರ ಕೆಳಗೆ ಶೆಟ್ಟರು ಎಂದೂ ಕಾಣದಿದ್ದ ಒಂದು ಗಾಂಭೀರ್ಯ. "ನೀರಿನ ಪಂಪಾದ್ರೆ ಹಾಕ್ತೇನೆ ಶೆಟ್ರೆ. ಹೋದ್ರೆ ನೀರು ಹೋಗ್ತದೆ. ಇದಕ್ಕೆ ನಾನು ಕೈ ಹಾಕುವುದಿಲ್ಲ."

"ಕಂಪನಿಯವರು ವಾಪಸು ಕರೆದಿದ್ದಾರಂತೆ."

"ಕರೆದಿದ್ರೆ ಹೋಗ್ಲಿ. ಹಡಗಿಗೆ ಹತ್ತಿಸಿಬಿಡಿ. ನೀವು ಹಡಗಿನವರೆಗೆ ತಳ್ಳಿಸಿದ್ರೆ ಸಾಕು."

*

ಅಕ್ಕನ ಹತ್ತಿರ ಮಾತಾಡುವುದೆಂದರೆ ಲೇಡಿಹಿಲ್ಲಿನ ಏರಿನ ಹಾಗೆ. ಮೊದಲೇ ವೇಗ ತೆಗೆದುಕೊಂಡು ಬರಬೇಕು. ಶೆಟ್ಟರು ಅಂಗಳದಿಂದಲೇ ಶುರುಮಾಡಿದರು. ಜಾಯಿಂಟು, ಕುವೈಟು, ಸತ್ತವರು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು.

ಕುಶಲಾ ಕೊನೆಯವರೆಗೂ ಕೇಳಿದರು. "ಯಾರು ಹೇಳಿದ್ದು? ಚೆನ್ನಪ್ಪನ ಮಗನಾ?"

"ಹೌದು."

"ಗದ್ದೆ ತಕ್ಕೊಂಡ್ರು. ಈಗ ಕಾರಿನ ಮೇಲೆ ಕಣ್ಣು."

"ಅಕ್ಕ, ಅವನು ಕೇಳಲೂ ಇಲ್ಲ. ಬೇಡ ಅಂತ ಹೇಳಿದ್ದು."

"ಬೇಡ ಅಂತ ಹೇಳಿ ಹೇಳಿಯೇ ತಕ್ಕೊಳ್ಳುವುದು. ನಾನು ಕಂಡಿದ್ದೇನೆ." ಅವರು ಎಲೆಗೆ ಸುಣ್ಣ ಹಚ್ಚಿದರು. "ಹೆಗ್ಡೆಯವರು ಒಂದೇ ಒಂದು ಕೇಳಿದ್ದು ಸರ್ವೋತ್ತಮ. ಚಿನ್ನ ಕೇಳಿದ್ರಾ? ಜಾಗ ಕೇಳಿದ್ರಾ? ನಮ್ಮ ಹುಡುಗಿ ನಮ್ಮ ಕಾರಿನಲ್ಲಿ ಬರಲಿ ಅಂದ್ರು. ಅದೂ ಆಗುವುದಿಲ್ಲ ಅಂದ್ರೆ ಈ ಮನೆಯಲ್ಲಿ ಎಂತ ಉಳಿದಿದೆ ಅಂತ ಕೇಳ್ತಾರೆ. ಆಗ ನೀನು ಎಂತ ತೋರಿಸ್ತಿ? ನಿನ್ನ ಲಾಡ್ಜಾ?"

ಮೋಹಿನಿ ಕೋಣೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಮಾವ ಹೊರಗೆ ಬಂದಾಗ ಹಿಂದೆಯೇ ಬಂದಳು. "ಮಾಮ, ನಾನು ಸಿಟಿ ಬಸ್ಸಿನಲ್ಲಾದ್ರೂ ಹೋಗ್ತೇನೆ. ಆದ್ರೆ ಅಮ್ಮನ ಹತ್ತಿರ ನನ್ನ ಹೆಸರು ಹೇಳ್ಬೇಡಿ."

"ನಿನ್ನ ಹೆಸರು ಹೇಳದೆ ನಿನ್ನ ಮದುವೆ ಮಾಡುವುದು ಹೇಗೆ?" ಎಂದು ಶೆಟ್ಟರು ರೇಗಿದರು. ಅವಳು ನಕ್ಕಳು. ಅವಳಿಗೆ ನಡೆಯಲು ಕಲಿಸಿದ್ದು ಅವರೇ, ಇದೇ ಅಂಗಳದಲ್ಲಿ, ಎರಡು ಬೆರಳು ಹಿಡಿಸಿ. ಅವಳ ಅಪ್ಪ ತೀರಿಹೋದ ವರ್ಷ. ಆ ನಗುವನ್ನು ನೋಡಿ ಅವರಿಗೆ ಇನ್ನಷ್ಟು ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಾಗದೆ ಕಾರಿನ ಟಯರಿಗೆ ಒದ್ದರು. ಕಾಲು ನೋವಾಯಿತು. ಕಾರಿಗೆ ಏನೂ ಆಗಲಿಲ್ಲ. ಗಟ್ಟಿಮುಟ್ಟಾದ ವಾಹನವೆಂದು ಇಂಜಿನಿಯರ ಹೇಳಿದ್ದು ಅಷ್ಟರಮಟ್ಟಿಗೆ ನಿಜ.

ಉಳಿದದ್ದು ಒಂದೇ ದಾರಿ. ಹೆಗ್ಡೆಯವರಲ್ಲಿ ನಿಜ ಹೇಳುವುದು. ಮರುದಿನ ಬೆಳಿಗ್ಗೆ ಅವರು ರಿಕ್ಷಾ ಹಿಡಿದು ಕೊಟ್ಟಾರಕ್ಕೆ ಹೋದರು.

ಹೆಗ್ಡೆಯವರ ಗೇಟು ಅಲ್ಲಿರಲಿಲ್ಲ. ಅದರ ಎರಡು ಕಂಬಗಳೂ ಕಂಪೌಂಡು ಗೋಡೆಯ ಒಂದು ತುಂಡೂ ಇರಲಿಲ್ಲ. ಇಬ್ಬರು ಆಳುಗಳು ಕೆಂಪು ಕಲ್ಲು ಹೊರುತ್ತಿದ್ದರು. ಮೇಸ್ತ್ರಿ ಸಿಪ್ರಿಯನ್ ಹಗ್ಗ ಹಿಡಿದು ಅಗಲ ಅಳೆಯುತ್ತಿದ್ದ. ಹೆಗ್ಡೆಯವರು ಬನಿಯನ್ನಿನಲ್ಲಿ ನಿಂತು ಮೇಲ್ವಿಚಾರಣೆ ಮಾಡುತ್ತಿದ್ದರು.

"ಶೆಟ್ರೆ! ಸಮಯಕ್ಕೆ ಸರಿಯಾಗಿ ಬಂದ್ರಿ. ನಿಮ್ಮ ಕಾರು ಎಷ್ಟು ಅಗಲ? ಆ ದಿನ ನಾನು ಗೇಣಿನಲ್ಲಿ ಅಳೆದದ್ದು, ಈ ಸಿಪ್ರಿಯನ್ ನಂಬುವುದಿಲ್ಲ."

"ಇಷ್ಟೆಲ್ಲ ಒಡೆಯುವುದಾ ಹೆಗ್ಡೆಯವರೇ?"

"ಒಡೆಯದೆ? ಮದುಮಗಳ ಕಾರು ರಸ್ತೆಯಲ್ಲಿ ನಿಲ್ಲುವುದಾ? ನೇರ ಜಗಲಿಗೆ ಬಂದು ಮುಟ್ಟಬೇಕು. ಕೊಟ್ಟಾರದಲ್ಲಿ ಎಲ್ಲರಿಗೂ ಹೇಳಿಯಾಗಿದೆ. ಮೂಡಬಿದ್ರೆಯ ನನ್ನ ಭಾವ ಅಂತೂ ಅದನ್ನು ನೋಡ್ಲಿಕ್ಕೇ ಬರುವುದು. ಹುಡುಗ ಹುಡುಗಿಯರನ್ನು ಫೋಟೋದಲ್ಲಿ ನೋಡಿದ್ರೂ ಅವರಿಗೆ ಸಾಕಂತೆ."

ಶೆಟ್ಟರು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದ ವಾಕ್ಯ ಬಾಯಿಗೆ ಬಂದು ನಿಂತಿತು. ಅವರು ಒಡೆದ ಗೋಡೆಯನ್ನೂ ಅದರ ಮೇಲಿದ್ದ ಹೊಸ ಸಿಮೆಂಟನ್ನೂ ನೋಡಿದರು. ಗೋಡೆ ಒಡೆದವನೆದುರು ಕಾರು ಕೆಟ್ಟಿದೆ ಎನ್ನುವುದು ಹೇಗೆ? ಹೇಳಿದರೆ ಅದೇ ಮಾತಿನ ಬಾಲವಾಗಿ ಆ ಮೊದಲ ಬೊಂಡದ ಕಥೆಯೂ ಹೊರಗೆ ಬರುತ್ತದೆ. ನಂಟಸ್ತಿಕೆಯೇ ಕೆಟ್ಟುನಿಂತ ಕಾರಿನಿಂದ ಆದದ್ದೆಂದು ಗೊತ್ತಾದ ಮನೆಯಲ್ಲಿ ಹುಡುಗಿ ಬಾಳಬೇಕು.

"ಒಂದು ವಿಷಯ ಹೇಳ್ಲಿಕ್ಕಿತ್ತು," ಎಂದರು ಶೆಟ್ಟರು. ಅಲ್ಲಿಂದ ಮುಂದೆ ಅವರ ಬಾಯಿ ಅವರನ್ನು ಕೇಳದೆ ತಾನೇ ನಡೆಯಿತು. "ನಮ್ಮ ಮನೆಯದ್ದು ಒಂದು ಕ್ರಮ ಉಂಟು. ಹಳೆಯದ್ದು. ಹೆಣ್ಣು ಹೊರಡುವಾಗ ಸೋದರಮಾವ ಮನೆಯ ದೊಡ್ಡ ಬಂಡಿಯಲ್ಲಿ ಮುಂದೆ ಹೋಗಬೇಕು. ದಾರಿ ತೆರೆಯಲಿಕ್ಕೆ. ಹೆಣ್ಣು ಹಿಂದಿನ ಬಂಡಿಯಲ್ಲಿ. ಮೊದಲೆಲ್ಲ ಎತ್ತಿನ ಗಾಡಿ ಇತ್ತು, ಈಗ ಕಾರು."

ಹೇಳಿ ಮುಗಿಸಿ ಅವರು ಬೆವರಿದರು. ಇಂಥ ಕ್ರಮವನ್ನು ಅವರ ಮನೆಯಲ್ಲಾಗಲಿ ನೇತ್ರಾವತಿಯ ಈಚೆ ಆಚೆಯಲ್ಲಾಗಲಿ ಯಾರೂ ಕೇಳಿರಲಿಲ್ಲ.

ಆದರೆ ಜಯಪಾಲ ಹೆಗ್ಡೆಯವರಿಗೆ ಗೊತ್ತಿಲ್ಲದ ಕ್ರಮವೊಂದು ಬಂಟರಲ್ಲಿ ಇರುವುದು ಸಾಧ್ಯವೇ ಇರಲಿಲ್ಲ. ಯಾವ ಮನೆಯಲ್ಲಿ ಉತ್ತರಕ್ರಿಯೆಯ ಬೊಜ್ಜವಿರಲಿ ಮದುವೆಯಿರಲಿ, ಮುಂದೆ ಕುಳಿತು ಹಾಗಲ್ಲ ಹೀಗೆ ಎಂದು ತಿದ್ದುವವರು ಅವರು. ಅವರು ಮೀಸೆಯ ಮೇಲೆ ಬೆರಳಿಟ್ಟು ಕ್ಷಣ ಯೋಚಿಸಿದರು.

"ಗೊತ್ತುಂಟಲ್ಲ," ಎಂದರು. "ದಾರಿ ತೆರೆಯುವುದು. ನಮ್ಮ ಅಜ್ಜಿಯ ಕಡೆಯಲ್ಲಿಯೂ ಇತ್ತು. ಈಗಿನವರು ಬಿಟ್ಟುಬಿಟ್ಟಿದ್ದಾರೆ. ನೀವೇ ಹೇಳ್ತೀರೋ ಇಲ್ವೋ ಅಂತ ನಾನು ಕಾಯ್ತಾ ಇದ್ದೆ." ಮತ್ತೆ ಸಿಪ್ರಿಯನ್ನಿನ ಕಡೆ ತಿರುಗಿ, "ಎರಡು ಕಾರು ಮಾರಾಯ, ಎರಡು! ಇನ್ನೊಂದು ಕಲ್ಲು ತೆಗಿ," ಎಂದರು.

ಆ ಕ್ರಮ ಶೆಟ್ಟರಿಗಿಂತ ಮೊದಲು ಮಣ್ಣಗುಡ್ಡ ತಲುಪಿತು. ಹೆಗ್ಡೆಯವರು ಫೋನಿನಲ್ಲಿ ಅದರ ವಿವರಗಳನ್ನೆಲ್ಲ ಕುಶಲಾ ಅವರಿಗೆ ತಿಳಿಸಿಕೊಟ್ಟಿದ್ದರು: ಮುಂದಿನ ಬಂಡಿಯಲ್ಲಿ ಬೇರೆ ಯಾರೂ ಕೂರಬಾರದು, ಹಿಂದಿನ ಸೀಟಿಗೆ ಮಡಿಬಟ್ಟೆ ಹಾಸಿ ಅಡಕೆಯ ಹಿಂಗಾರ ಇಡಬೇಕು, ದಾರಿಯಲ್ಲಿ ಎಲ್ಲೂ ನಿಲ್ಲಿಸಬಾರದು. ಕುಶಲಾ ತಮ್ಮನನ್ನು ಮೇಲಿಂದ ಕೆಳಗೆ ನೋಡಿದರು.

"ನಮ್ಮ ಮನೆಯ ಕ್ರಮವನ್ನು ಹೆಗ್ಡೆಯವರಿಂದ ಕಲಿಯಬೇಕಾಯ್ತು," ಎಂದಷ್ಟೇ ಹೇಳಿದರು. "ಅಮ್ಮ ಒಂದು ಸಲ ಹೇಳಿದ ನೆನಪು."

ಹೀಗೆ ಅದು ನಿಜವೂ ಆಯಿತು.

*

ಮದುವೆಯ ದಿನ ನಾಲ್ಕು ಗಂಟೆಯ ಬಿಸಿಲಿಗೆ ದಿಬ್ಬಣ ಹೊರಟಿತು. ಮುಂದೆ ಬ್ಯಾಂಡ್‌ಸೆಟ್ಟು, ಅದರ ಹಿಂದೆ ಮಲ್ಲಿಗೆ ಮಾಲೆ ಹಾಕಿಕೊಂಡ ದೊರೆ ಬಂಡಿ, ಅದರ ಹಿಂದೆ ಸಮದನ ಬಾಡಿಗೆ ಅಂಬಾಸಿಡರಿನಲ್ಲಿ ಮದುಮಕ್ಕಳು, ಆಮೇಲೆ ಉಳಿದವರ ವ್ಯಾನುಗಳು. ಸಮದನಿಗೆ ಶೆಟ್ಟರು ಬೆಳಿಗ್ಗೆಯೇ ಗುಟ್ಟಿನಲ್ಲಿ ಹೇಳಿದ್ದರು: "ನನ್ನಿಂದ ದೂರ ಬಾ. ನಾನು ಎತ್ತ ಹೋದ್ರೂ ನೀನು ನನ್ನ ಹಿಂದೆ ಬರ್ಬೇಡ. ರಸ್ತೆ ನೋಡಿ ಬಾ." ಸಮದ್ ಅವರ ಮುಖ ನೋಡಿ, "ಆಯ್ತು ಶೆಟ್ರೆ," ಎಂದಿದ್ದ.

ಶೆಟ್ಟರು ಹೊಸ ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿ ಹತ್ತಿ ಕುಳಿತರು. ಕಾರು ಸ್ಟಾರ್ಟ್ ಆಯಿತು. ಇಷ್ಟು ವರ್ಷ ಅದು ನಿಲ್ಲಬಾರದೆಂದು ಬೇಡಿಕೊಂಡವರು ಈಗ ಇಲ್ಲೇ ಅಂಗಳದಲ್ಲಿ ನಿಂತುಬಿಡಲಿ ಎಂದು ಕಾದರು. ಅದು ನಿಲ್ಲಲಿಲ್ಲ. ಇಂಜಿನ್ ಎಂದಿಲ್ಲದಷ್ಟು ಮೆತ್ತಗೆ ಗುನುಗುತ್ತಿತ್ತು.

ಅಷ್ಟರಲ್ಲಿ ಬಲಗಡೆಯ ಬಾಗಿಲು ತೆರೆಯಿತು. ರತ್ನಾವತಿ ಒಂದು ಕೈಯಲ್ಲಿ ಸೀರೆಯ ನೆರಿಗೆ ಹಿಡಿದು ಹತ್ತುತ್ತಿದ್ದರು.

"ಇಳಿ," ಎಂದರು ಶೆಟ್ಟರು. "ಬೇರೆ ಯಾರೂ ಕೂರಬಾರದು. ಕ್ರಮ."

"ಆ ಕ್ರಮ ನಿಮ್ಮ ಅಕ್ಕನ ಮನೆಯದ್ದು. ನಾನು ಆ ಮನೆಯವಳಲ್ಲ ಅಂತ ಇಷ್ಟು ವರ್ಷ ಕೇಳಿದ್ದೇನೆ. ನನಗೆ ಅದು ಲಾಗೂ ಆಗುವುದಿಲ್ಲ."

"ರತ್ನಾ, ನಿನಗೆ ಗೊತ್ತುಂಟಲ್ಲ. ಜಯ ಹೇಳಿದ್ದು ಕೇಳಿದ್ದೀ."

"ಕೇಳಿದ್ದೇನೆ." ಅವರು ಬಾಗಿಲು ಎಳೆದುಕೊಂಡರು. ಅದು ಒಂದು ಸಲಕ್ಕೆ ಹಾಕಿಕೊಳ್ಳುವುದಿಲ್ಲ. ಎರಡನೆಯ ಸಲ ಜೋರಾಗಿ ಎಳೆಯಬೇಕು. ಎಳೆದರು. "ಕೊಟ್ಟಾರದಲ್ಲಿ ಹೆದ್ದಾರಿ ದಾಟ್ಲಿಕ್ಕುಂಟು. ಎದುರಿನಿಂದ ಬರುವುದು ನಿಮಗೆ ಕಾಣ್ತದಾ?"

ಶೆಟ್ಟರು ಏನೋ ಹೇಳಲು ಹೋದರು. ಬ್ಯಾಂಡಿನವರು ಶುರುಮಾಡಿದ್ದರಿಂದ ಅದು ಅವರಿಗೇ ಕೇಳಿಸಲಿಲ್ಲ.

ಲೇಡಿಹಿಲ್ಲಿನ ಏರನ್ನು ಕಾರು ತಕರಾರಿಲ್ಲದೆ ಹತ್ತಿತು. ರಸ್ತೆಯ ಎರಡೂ ಕಡೆ ಜನ ನಿಂತು ನೋಡುತ್ತಿದ್ದರು. ತಳ್ಳಿ ಅಭ್ಯಾಸವಿದ್ದ ನಾಲ್ಕೈದು ಹುಡುಗರು ಸ್ವಲ್ಪ ದೂರ ಜೊತೆಗೆ ನಡೆದು, ಕೆಲಸವಿಲ್ಲವೆಂದು ಖಾತ್ರಿಯಾದ ಮೇಲೆ ನಿರಾಸೆಯಿಂದ ಹಿಂದುಳಿದರು. ಉರ್ವಾಸ್ಟೋರಿನ ಇಳಿಜಾರಿನಲ್ಲಿ ಶೆಟ್ಟರು ಸ್ಟಿಯರಿಂಗನ್ನು ಹಿಡಿದದ್ದು ತುಂಬಿದ ಹಾಲಿನ ಪಾತ್ರೆ ಹಿಡಿದಂತೆ. ಚಕ್ರದಲ್ಲಿ ಒಂದು ಸಣ್ಣ ಸಡಿಲು ಇತ್ತು. ಅದು ಮೊದಲಿನಿಂದಲೂ ಇದ್ದದ್ದೋ ಇವತ್ತಿನದ್ದೋ ಎಂದು ಅವರು ನೆನಪು ಮಾಡಿಕೊಳ್ಳಲು ನೋಡಿದರು. ಆಗಲಿಲ್ಲ. ಕನ್ನಡಿಯಲ್ಲಿ ಅಂಬಾಸಿಡರ್ ದೂರದಲ್ಲಿ, ಹೇಳಿದಷ್ಟೇ ದೂರದಲ್ಲಿ, ಬರುತ್ತಿತ್ತು. ಗಾಜಿನ ಹಿಂದೆ ಮೋಹಿನಿಯ ಕೆಂಪು ಸೀರೆ ಒಂದು ಚುಕ್ಕೆಯಷ್ಟು.

ಕೊಟ್ಟಾರದಲ್ಲಿ ಬ್ಯಾಂಡಿನವರು ಓಡಿ ಹೆದ್ದಾರಿ ದಾಟಿಬಿಟ್ಟರು. ಆಚೆ ಹೆಗ್ಡೆಯವರ ಹೊಸ ಗೇಟು ಕಾಣುತ್ತಿತ್ತು, ಎರಡು ಕಾರಿನ ಅಗಲಕ್ಕೆ, ಬಾಳೆಗಿಡ ಕಟ್ಟಿ. ಅದರೆದುರು ಹೆಗ್ಡೆಯವರು ಪೇಟ ಸುತ್ತಿ, ಕೈಯೆತ್ತಿ, ಯಾರಿಗೋ ಏನನ್ನೋ ವಿವರಿಸುತ್ತಿದ್ದರು.

ಶೆಟ್ಟರು ಬ್ರೇಕು ಒತ್ತಿದರು. ಕಾರು ನಿಂತಿತು.

"ಈಗ?" ಎಂದರು.

ರತ್ನಾವತಿ ಕಿಟಕಿಯಿಂದ ಮುಖ ಹೊರಗಿಟ್ಟರು. ಮುಡಿದ ಮಲ್ಲಿಗೆ ಗಾಳಿಗೆ ಕೆನ್ನೆಗೆ ತಾಗುತ್ತಿತ್ತು. "ಬೇಡ. ಲಾರಿ ಉಂಟು."

ಲಾರಿ ಹೋಯಿತು. ಕಾರು ಇಡಿಯಾಗಿ ಒಮ್ಮೆ ನಡುಗಿತು.

"ಈಗ?"

"ನಿಲ್ಲಿ. ಬಸ್ಸು."

ಅವರ ಎಡಗೈ ಸೀಟಿನ ಮೇಲಿತ್ತು. ಶೆಟ್ಟರು ಗೇರಿನಿಂದ ಕೈ ತೆಗೆದು ಒಂದು ಗಳಿಗೆ ಅದರ ಮೇಲಿಟ್ಟು, ಮತ್ತೆ ಗೇರಿಗೆ ಹಿಂತಿರುಗಿಸಿದರು. ರತ್ನಾವತಿ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಬಸ್ಸು ದಾಟಿತು. ಅದರ ಧೂಳು ಮೆಲ್ಲಗೆ ಕೆಳಗಿಳಿಯಿತು. ಹೆದ್ದಾರಿ ಎರಡೂ ಕಡೆಗೆ ಖಾಲಿಯಾಗಿತ್ತು.

"ಈಗ," ಎಂದರು ರತ್ನಾವತಿ.

ಶೆಟ್ಟರು ಚಕ್ರವನ್ನು ಬಲಕ್ಕೆ ತಿರುಗಿಸಿದರು. ಕಾರೂ ತಿರುಗಿತು. ಹಿಂದಿನ ಸೀಟಿನಲ್ಲಿ, ಯಾರೂ ಕೂರದ ಬಿಳಿ ಬಟ್ಟೆಯ ಮೇಲೆ, ಹಿಂಗಾರದ ಗೊನೆ ನಿಧಾನವಾಗಿ ಎಡಕ್ಕೆ ಜಾರಿತು.